ಕಪ್ಪು ಹೊದಿಕೆಯ ಚುಟ್ಟ ಮತ್ತು ಅದರ ಪರೀಕ್ಷೆ

1

ಹೊಗೆಸೊಪ್ಪನ್ನು ರುಚಿನೋಡಿ ಅದರ ಗುಣದೋಷಗಳನ್ನು ವಿಚಾರಮಾಡಿದ ಒಂದು ಪ್ರಸಂಗವು ಮೊಗಲರ ಕಾಲದ ವೃತ್ತಾಂತವೊಂದರಲ್ಲಿ ಉಳಿದುಬಂದಿದೆ. ಆ ಪ್ರಸಂಗಕ್ಕೆ ಕಾರಣವಾದ ಸೊಪ್ಪು ಹೋದುದು ನಮ್ಮ ವಿಜಾಪುರದಿಂದ. 1604ರ ಸುಮಾರಿನಲ್ಲಿ ಅಕ್ಬರ್ ಬಾದಶಹನ ಕಾರ್ಯಾರ್ಥವಾಗಿ ಅಸದ್ ಬೇಗನೆಂಬ ಅಧಿಕಾರಿಯು ಎರಡನೆಯ ಇಬ್ರಾಹಿಂ ಆದಿಲಶಹನ ರಾಜಧಾನಿಗೆ ಬಂದಿದ್ದನು. ಅಲ್ಲಿ ಅವನು ಹೊಗೆಸೊಪ್ಪನ್ನು ಕಂಡನು. ಅಂತಹ ಪದಾರ್ಥವನ್ನು ತಾನು ಹಿಂದೆ ನೋಡಿಯೇ ಇರಲಿಲ್ಲವೆಂದು ಅವನೇ ಬರೆದಿದ್ದಾನೆ. ಸ್ವಲ್ಪ ಸೊಪ್ಪನ್ನು ಕೊಂಡು, ರತ್ನಗಳಿಂದ ಅಲಂಕೃತವಾದ ಒಂದು ಕೊಳವೆಯನ್ನೂ ಸಿದ್ಧಪಡಿಸಿಕೊಂಡು, ಅವನು ಆಗ್ರಾ ನಗರಕ್ಕೆ ಹಿಂದಿರುಗಿದನು. ತಂದ ಕಾಣಿಕೆಗಳ ನಡುವೆ ಇದನ್ನು ಕಂಡ ಬಾದಶಹನು ಇದೇನೆಂದು ಕೇಳಿ ತಿಳಿದು, ಎರಡು ಮೂರು ಸಲ ಹೊಗೆಯನ್ನೆಳೆದನು. ಹಕೀಮನು ಗಾಬರಿಗೊಂಡು, ಇನ್ನು ಸಾಕೆಂದು ತಡೆದನು.

ಅನಂತರ ಸಭೆಯಲ್ಲಿ ವಾದ ನಡೆಯಿತು. ನಮ್ಮ ಹಿರಿಯರ ಗ್ರಂಥಗಳಲ್ಲಿ ಹೇಳದಿರುವ ವಸ್ತುವನ್ನು, ಪರೀಕ್ಷಿಸದೆ, ಪರದೇಶದವರು ಬಳಸುತ್ತಾರೆಂಬ ಮಾತ್ರಕ್ಕೆ ಬಳಸಬಾರದೆಂದು ಹಕೀಮನ ಮತ. ಲೋಕದಲ್ಲಿ ಯಾವ ಆಚಾರವಾದರೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು. ಹೊಸದೆಂದೇ ತಳ್ಳಿಬಿಡುವುದು ವಿವೇಕವಲ್ಲವೆಂದು ಅಸದ್ ಬೇಗನ ಉತ್ತರ. ಬಾದಶಹನು ಅಸದ್ ಬೇಗನ ಮಾತನ್ನು ಮೆಚ್ಚಿದನು. ಆದರೆ ತಾನು ಆ ಚಟಕ್ಕೆ ಒಳಗಾಗಲಿಲ್ಲ. ಸಭೆಯ ಸರದಾರರು ಮಾತ್ರ ಅಸದ್ ಬೇಗನ ಬಳಿಗೆ ಆಳು ಕಳುಹಿಸಿ ಸೊಪ್ಪನ್ನು ತರಿಸಿಕೊಂಡರು. ಬೇಗನೆ ವರ್ತಕರೂ ಮಾರತೊಡಗಿದರು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸನು ಹೊಗೆಸೊಪ್ಪಿನ ವಿರುದ್ಧವಾಗಿ ಒಂದು ಖಂಡನ ಗ್ರಂಥವನ್ನು ಅಚ್ಚುಹಾಕಿಸಿದ್ದನು. ಅಕ್ಬರನ ಮಗನಾದ ಜಹಾಂಗೀರನು 1617ರಲ್ಲಿ ಅದನ್ನು ನಿಷೇಧಿಸಿದನು. ಖಂಡನವೂ ನಿಷೇಧವೂ ಫಲಿಸಲಿಲ್ಲ.

ಒಂದು ಎಲೆಯನ್ನು ಸುಟ್ಟು, ಅದರ ಹೊಗೆಯನ್ನು ಬಾಯಲ್ಲಿ ಹಿಡಿದು, ಒಳ್ಳೆಯದೆಂದೋ ಕೆಟ್ಟದೆಂದೋ ಹೇಳುವಾಗ ನಾವು ನಿಜವಾಗಿ ಯಾವುದಕ್ಕೆ ತೀರ್ಪು ಕೊಡುತ್ತಿದ್ದೇವೆ? ನಾಲಗೆಯೊಂದೇ ಸಾಕ್ಷಿಯೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅಕ್ಬರನ ಕೊಳವೆಗಿಂತಲೂ ತಕ್ಕ ಉದಾಹರಣೆ ಮತ್ತೊಂದುಂಟು. ಅದು ಕಪ್ಪು ಹೊದಿಕೆಯ ಸಿಗಾರು, ಅಂದರೆ ಕಪ್ಪು ಎಲೆಯನ್ನು ಹೊರಗೆ ಸುತ್ತಿದ ಚುಟ್ಟ. ಹೊಗೆಸೊಪ್ಪಿನ ಪದಾರ್ಥಗಳಲ್ಲಿ ಇದರಷ್ಟು ಸೂಕ್ಷ್ಮವಾಗಿ ಪರೀಕ್ಷಿಸಲ್ಪಡುವುದು ಬೇರಿಲ್ಲ. ಇದರಷ್ಟು ತಪ್ಪಾಗಿ ತಿಳಿಯಲ್ಪಡುವುದೂ ಅಪರೂಪ.

2

1492ರ ನವೆಂಬರ್ ತಿಂಗಳಲ್ಲಿ ಕೊಲಂಬಸನು ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ಟೊರೆಸ್ ಎಂಬಿಬ್ಬರನ್ನು ಕ್ಯೂಬಾ ದ್ವೀಪದ ಒಳನಾಡಿಗೆ ಕಳುಹಿಸಿದನು. ಪೂರ್ವ ದೇಶದ ಮಹಾರಾಜನನ್ನು ಕಂಡುಬರಲೆಂದು ಹೋದ ಇವರು ಕಂಡುದು ಕೈಯಲ್ಲಿ ಕೊಳ್ಳಿಯನ್ನು ಹಿಡಿದು ಹೊಗೆ ಸೇದುತ್ತ ನಡೆಯುವ ಗಂಡಸರನ್ನೂ ಹೆಂಗಸರನ್ನೂ. ಒಣಗಿದ ಎಲೆಗಳನ್ನು ಮತ್ತೊಂದು ಒಣಗಿದ ಎಲೆಯಲ್ಲಿ ಸುತ್ತಿ, ಹಬ್ಬದ ದಿನ ಹುಡುಗರು ಮಾಡುವ ಕಾಗದದ ತುಪಾಕಿಯ ಆಕಾರದಲ್ಲಿ ಅದನ್ನು ಮಾಡಿಕೊಂಡಿದ್ದರೆಂದು ಪಾದ್ರಿ ಲಾಸ್ ಕಾಸಾಸನು ವರ್ಣಿಸಿದ್ದಾನೆ. ಎಲೆಯೊಳಗೆ ಎಲೆ, ಅದರ ಮೇಲೊಂದು ಎಲೆ: ಐದು ಶತಮಾನಗಳು ಕಳೆದರೂ ಚುಟ್ಟದ ರಚನೆ ಇದೇ ಆಗಿದೆ. ತಮಿಳಿನ ‘ಸುರುಟ್ಟು’ ಎಂಬ ಮಾತಿನಿಂದ ಇಂಗ್ಲಿಷರು ‘ಚೆರೂಟ್’ ಎಂಬ ಶಬ್ದವನ್ನು ಮಾಡಿಕೊಂಡರು. ಕನ್ನಡದ ‘ಸುರುಟು’, ‘ಸುರುಳಿ’ ಎಂಬುವು ಅದರ ಬಂಧುಗಳೇ. ವಸ್ತುವಿನ ಹೆಸರಿನಲ್ಲಿಯೇ ಅದನ್ನು ಮಾಡುವ ಕೈಯ ಚಲನೆ ಅಡಗಿದೆ.

ಒಳ್ಳೆಯ ಚುಟ್ಟದಲ್ಲಿ ಮೂರು ಭಾಗಗಳುಂಟು. ಹೋಳಿಗೆಗೆ ಹೂರಣವಿದ್ದಂತೆ ಇದಕ್ಕೂ ಒಂದು ಹೂರಣ. ಗಿಡದ ಬೇರೆ ಬೇರೆ ಎತ್ತರದಿಂದ ಆರಿಸಿದ ಎಲೆಗಳ ಮಿಶ್ರಣವದು. ಆ ಮಿಶ್ರಣವನ್ನು ಹಿಡಿದಿಡುವ ಎಲೆ ಎರಡನೆಯದು, ಇದನ್ನು ಕಟ್ಟೆಲೆಯೆನ್ನೋಣ. ಎಲ್ಲಕ್ಕೂ ಹೊರಗೆ ಸುತ್ತಿರುವ, ಕಣ್ಣಿಗೆ ಕಾಣುವ ಎಲೆಯೇ ಹೊದಿಕೆ. ತೂಕದಲ್ಲಿ ಹೊದಿಕೆಯ ಪಾಲು ಬಹಳ ಕಡಿಮೆ. ಬೆಲೆಯಲ್ಲಿ ಮಾತ್ರ ಅದರ ಸ್ಥಾನ ಹಿರಿದು. ಹರಿದಿರಬಾರದು, ತೂತಿರಬಾರದು, ನರಗಳು ಉಬ್ಬಿರಬಾರದು, ಎಳೆದು ಸುತ್ತಿದರೆ ಬಾಗುವಷ್ಟು ಮೃದುವಾಗಿರಬೇಕು. ಇಂತಹ ಎಲೆಯು ಒಂದು ಹೊಲದ ಬೆಳೆಯಲ್ಲಿ ಸ್ವಲ್ಪವೇ ದೊರೆಯುತ್ತದೆ.

ಹೊದಿಕೆಯ ಬಣ್ಣಗಳಿಗೆ ಸ್ಪೇನಿನ ಭಾಷೆಯಲ್ಲಿ ಹೆಸರುಗಳಿವೆ. ತಿಳಿಯಾದುದು ಕ್ಲಾರೊ, ಕೆಂಗಂದು ಕೊಲೊರಾಡೊ, ಗಾಢವಾದ ಕಂದು ಮಾದುರೊ, ಕರ್ಗಪ್ಪು ಒಸ್ಕುರೊ. ಇವುಗಳ ನಡುವೆ ಇನ್ನೂ ಹಲವು ಛಾಯೆಗಳನ್ನು ಹೇಳುವುದುಂಟು. ಇಲ್ಲಿ ಲಕ್ಷಿಸತಕ್ಕ ಒಂದು ಸಂಗತಿಯಿದೆ. ಕ್ಲಾರೊ, ಕೊಲೊರಾಡೊ, ಒಸ್ಕುರೊ ಎಂಬುವು ಬೆಳಕನ್ನೋ ಬಣ್ಣವನ್ನೋ ಕತ್ತಲೆಯನ್ನೋ ಹೇಳುವ ಮಾತುಗಳು. ಮಾದುರೊ ಎಂಬುದು ಬಣ್ಣವನ್ನು ಹೇಳುವುದೇ ಇಲ್ಲ. ಅದರ ಅರ್ಥ ‘ಮಾಗಿದ’ ಎಂದು. ಸ್ಪೇನಿನವರು ಬಾಳೆಯ ಹಣ್ಣಿಗೂ ವಯಸ್ಸಾದ ಮನುಷ್ಯನಿಗೂ ಇದೇ ಮಾತನ್ನು ಬಳಸುತ್ತಾರೆ. ಹೊರಗಿನವರ ಬಾಯಲ್ಲಿ ಅದು ಬಣ್ಣದ ಹೆಸರಾಯಿತು. ಬಣ್ಣದಿಂದ ಮುಂದೆ ಸಾಗಿ, ಖಾರ ಮತ್ತು ತೀವ್ರತೆಯ ಹೆಸರೆಂಬಂತೆಯೂ ಆಯಿತು. ಕಪ್ಪು ಎಲೆಯನ್ನು ಕುರಿತ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಈ ಅರ್ಥಪಲ್ಲಟದಿಂದ ಹುಟ್ಟಿದೆ.

3

ಎಲೆಯು ಹೇಗೆ ಮಾಗುತ್ತದೆ? ಹೊಲದಿಂದ ಬಂದ ಹಸುರೆಲೆಯನ್ನು ಮೊದಲು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ತೂಗುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಹಸುರು ಹಳದಿಯಾಗಿ, ಹಳದಿ ಕಂದಾಗುತ್ತದೆ. ಅಮೆರಿಕದ ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಬೆಳೆಯುವ ‘ಬ್ರಾಡ್‌ಲೀಫ್’ ಎಂಬ ಅಗಲದ ಎಲೆಯ ಜಾತಿಯನ್ನು ಎಲೆ ಎಲೆಯಾಗಿ ಕೀಳದೆ, ಇಡೀ ಗಿಡವನ್ನೇ ಕಡಿದು ತಲೆಕೆಳಗಾಗಿ ತೂಗುಹಾಕುವ ಪದ್ಧತಿಯುಂಟು. ಈ ಎಲೆ ಬಯಲು ಬಿಸಿಲಿನಲ್ಲಿ ಬೆಳೆದುದು; ದಪ್ಪವಾಗಿಯೂ ಜಿಡ್ಡಾಗಿಯೂ ಇರುತ್ತದೆ. ಮೆಕ್ಸಿಕೋ ದೇಶದ ವೆರಾಕ್ರೂಸ್ ಪ್ರಾಂತದಲ್ಲಿರುವ ಸಾನ್ ಆಂದ್ರೆಸ್ ಕಣಿವೆಯ ಎಲೆಯೂ ಕಪ್ಪು ಹೊದಿಕೆಗೆ ಹೆಸರಾದುದೇ.

ಒಣಗಿದ ಮೇಲೆ ಮುಖ್ಯವಾದ ಕಾರ್ಯ ಆರಂಭವಾಗುತ್ತದೆ. ಎಲೆಗಳಿಗೆ ತಕ್ಕಷ್ಟು ತೇವವನ್ನು ಕೊಟ್ಟು, ಆಳೆತ್ತರದ ರಾಶಿಗಳಾಗಿ ಒಟ್ಟುತ್ತಾರೆ. ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಬಿಸಿ ಹುಟ್ಟುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಇಲ್ಲಿ ನಡೆಯುವುದೂ ಅದೇ. ಹೊರಗಿನಿಂದ ಬೆಂಕಿಯಿಲ್ಲ, ರಾಶಿಯು ತನ್ನ ಭಾರದಿಂದಲೂ ತೇವದಿಂದಲೂ ತಾನಾಗಿಯೇ ಕಾಯುತ್ತದೆ. ತೆಳುವಾದ ಎಲೆಗಳ ರಾಶಿಯನ್ನು ಸುಮಾರು 45 ಡಿಗ್ರಿ ಸೆಂಟಿಗ್ರೇಡಿನ ಒಳಗೇ ನಿಲ್ಲಿಸುತ್ತಾರೆ. ಕಪ್ಪಾಗಬೇಕಾದ ದಪ್ಪ ಎಲೆಯ ರಾಶಿಯನ್ನು 50 ಡಿಗ್ರಿಯನ್ನು ದಾಟಿ, ಕೆಲವು ಕಡೆ 60ರ ಸಮೀಪದವರೆಗೂ ಏರಗೊಡುತ್ತಾರೆ. ರಾಶಿಯ ನಡುವೆ ಉದ್ದನೆಯ ಉಷ್ಣಮಾಪಕವನ್ನಿಟ್ಟು ದಿನವೂ ನೋಡುತ್ತಿದ್ದು, ಬಿಸಿ ಹದಮೀರುವ ಮೊದಲೇ ರಾಶಿಯನ್ನು ಬಿಚ್ಚಿ, ಒಳಗಿನ ಎಲೆ ಹೊರಕ್ಕೂ ಹೊರಗಿನದು ಒಳಕ್ಕೂ ಬರುವಂತೆ ಮತ್ತೆ ಒಟ್ಟಬೇಕು. ಆಗ ಕಣ್ಣಿನಲ್ಲಿ ನೀರು ತರಿಸುವಷ್ಟು ಅಮೋನಿಯದ ಘಾಟು ಹೊರಡುತ್ತದೆ. ಈ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಅನಂತರ ಮೂಟೆಗಳಲ್ಲಿ ವರ್ಷಗಟ್ಟಲೆ ವಿಶ್ರಾಂತಿ. ಹದ ತಪ್ಪಿದರೆ ಎಲೆಯು ಕೊಳೆತೋ ಸುಟ್ಟೋ ಹೋಗಿ ವರ್ಷದ ಶ್ರಮವೆಲ್ಲ ವ್ಯರ್ಥವಾಗುವುದು. ದಪ್ಪನಾದ ಎಲೆಯಲ್ಲದೆ ಇನ್ನಾವುದೂ ಈ ತಾಪವನ್ನು ತಡೆಯಲಾರದು.

ಈ ತಪಸ್ಸಿನಲ್ಲಿ ಎಲೆಯೊಳಗಿನ ಪಿಷ್ಟವೂ ಸಸಾರಜನಕ ದ್ರವ್ಯಗಳೂ ಒಡೆಯುತ್ತವೆ, ಒಗರು ಅಡಗುತ್ತದೆ, ಬಣ್ಣ ಕಪ್ಪಾಗುತ್ತದೆ, ಕಾಕಂಬಿಯನ್ನೂ ಒಣದ್ರಾಕ್ಷಿಯನ್ನೂ ಹುರಿದ ಕಾಫಿಬೀಜವನ್ನೂ ನೆನಪಿಗೆ ತರುವ ವಾಸನೆಗಳು ಮೂಡುತ್ತವೆ. ಅಮೋನಿಯದೊಡನೆ ನಿಕೋಟಿನಿನಲ್ಲಿಯೂ ಸ್ವಲ್ಪ ಭಾಗ ಹೊರಟುಹೋಗುತ್ತದೆ. ಅಂದಮೇಲೆ ಕಪ್ಪಾಗಿರುವುದರಿಂದಲೇ ಚುಟ್ಟವು ತೀವ್ರವೆಂಬ ಮಾತು ನಿಲ್ಲಲಾರದು. ತೀವ್ರತೆಯನ್ನು ಹೆಚ್ಚಾಗಿ ನಿರ್ಣಯಿಸುವುದು ಹೂರಣ. ಗಿಡದ ತುದಿಯ ಎಲೆ ಹೆಚ್ಚು ಬಿಸಿಲನ್ನುಂಡು ಬಲವಾಗಿರುತ್ತದೆ. ಬುಡದ ಎಲೆ ಸೌಮ್ಯವಾಗಿ ಚೆನ್ನಾಗಿ ಉರಿಯುತ್ತದೆ. ಕಪ್ಪು ಹೊದಿಕೆಯೊಳಗೆ ಸೌಮ್ಯವಾದ ಹೂರಣವಿದ್ದರೆ ಚುಟ್ಟವು ಸೌಮ್ಯವೇ. ತಿಳಿಬಣ್ಣದ ಹೊದಿಕೆಯೊಳಗೆ ತುದಿಯೆಲೆಗಳಿದ್ದರೆ ಅನುಭವವಿಲ್ಲದವನ ತಲೆ ತಿರುಗದಿರದು.

ಇಷ್ಟು ಕಾಲ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಬೆಯಲ್ಲಿ ಬೇಯಿಸಿ ಬೇಗನೆ ಕಪ್ಪುಮಾಡುವುದೂ, ಬಣ್ಣ ಹಚ್ಚುವುದೂ ವ್ಯಾಪಾರದಲ್ಲಿ ಉಂಟು. ಮಾಗಿದ ಎಲೆಯಲ್ಲಿ ಬಣ್ಣವು ಒಂದೇ ಸಮನಾಗಿರುವುದು ವಿರಳ; ಅಲ್ಲಲ್ಲಿ ಗಾಢವಾಗಿಯೂ ಅಲ್ಲಲ್ಲಿ ಕೆಂಪು ಬೆರೆತೂ ಇರುತ್ತದೆ. ಮಸಿಯಲ್ಲಿ ಅದ್ದಿ ತೆಗೆದಂತೆ ಎಲ್ಲೆಡೆಯೂ ಒಂದೇ ಕಪ್ಪಿದ್ದರೆ ಪರೀಕ್ಷಕನು ಸಂದೇಹಪಡುತ್ತಾನೆ; ಒದ್ದೆಯ ಬಿಳಿ ಬಟ್ಟೆಯಿಂದ ಮೆಲ್ಲಗೆ ಒರಸಿ ನೋಡುತ್ತಾನೆ. ನಿಜವಾಗಿ ಮಾಗಿದ ಎಲೆಯೂ ತುಟಿಗೆ ಸ್ವಲ್ಪ ಕಂದನ್ನು ಹತ್ತಿಸುವುದುಂಟಾದುದರಿಂದ ಈ ಒಂದು ಗುರುತಿನಿಂದಲೇ ತೀರ್ಪು ಹೇಳುವುದು ಅನ್ಯಾಯವಾದೀತು.

4

ಬಣ್ಣದ ಮೇಲಿನ ಒಲವು ನಾಲಗೆಯಿಂದ ಹುಟ್ಟಿದ್ದಲ್ಲ; ಅದಕ್ಕೂ ಒಂದು ಚರಿತ್ರೆಯುಂಟು. 1863ರಲ್ಲಿ ಯಾಕೊಬಸ್ ನೀನ್‌ಹೌಸ್ ಎಂಬ ಡಚ್ಚನು ಸುಮಾತ್ರಾ ದ್ವೀಪದ ದೆಲಿ ಎಂಬ ಸೀಮೆಗೆ ಬಂದು ಹೊಗೆಸೊಪ್ಪನ್ನು ಬೆಳೆಯಿಸತೊಡಗಿದನು. ಅಲ್ಲಿ ದೊರೆತ ಎಲೆಯು ರೇಷ್ಮೆಯಂತೆ ತೆಳು. ಒಂದು ಪೌಂಡು ಎಲೆಯಿಂದ ಬಹುಸಂಖ್ಯೆಯ ಚುಟ್ಟಗಳಿಗೆ ಹೊದಿಕೆಯಾಗುತ್ತಿತ್ತು. ಯುರೋಪು ಅಮೆರಿಕಗಳ ಕಾರ್ಖಾನೆಗಳು ಅದಕ್ಕೆ ಮುಗಿಬಿದ್ದವು. ತಮ್ಮ ಬೆಳೆಗಾರರನ್ನು ರಕ್ಷಿಸುವುದಕ್ಕಾಗಿ ಅಮೆರಿಕದವರು 1890ರ ಸುಂಕದ ಕಾಯಿದೆಯಲ್ಲಿ ಹೊದಿಕೆಯ ಎಲೆಗೆ ಪೌಂಡೊಂದಕ್ಕೆ 2 ಡಾಲರುಗಳ ಸುಂಕವನ್ನು ವಿಧಿಸಬೇಕಾಯಿತು.

ಆ ರೇಷ್ಮೆಯಂತಹ ಎಲೆಯ ಹಿಂದೆ ಇದ್ದುದೇನು? ಚೀನಾದಿಂದಲೂ ಜಾವಾದಿಂದಲೂ ಕರಾರಿನ ಮೇಲೆ ತಂದ ಕೂಲಿಗಳು. 1880ರ ಕೂಲಿ ಕಾಯಿದೆಯ ಪ್ರಕಾರ ಕರಾರನ್ನು ಮುರಿದು ತೋಟವನ್ನು ಬಿಟ್ಟುಹೋದ ಆಳಿಗೆ ಸೆರೆಮನೆಯ ಶಿಕ್ಷೆಯಿತ್ತು. ಚೀನೀ ಕೂಲಿಯು ತಾನು ಬೆಳೆದ ಎಲೆಯನ್ನು ತಂದೊಪ್ಪಿಸಿದಾಗ ಅದರ ಗುಣವನ್ನು ನೋಡಿ ಬೆಲೆಕಟ್ಟುವವನು ತೋಟದ ಬಿಳಿಯ ಅಧಿಕಾರಿ. ಅವನ ಕಣ್ಣಿಗೆ ತೋರಿದ್ದೇ ಪ್ರಮಾಣ. 1902ರಲ್ಲಿ ವಾನ್ ದೆನ್ ಬ್ರಾಂಡ್ ಎಂಬ ವಕೀಲನು ದೆಲಿಯ ಲಕ್ಷಾಂತರ ಹಣ ಎಂತಹ ಕ್ರೌರ್ಯದಿಂದ ಬಂದುದೆಂಬುದನ್ನು ಒಂದು ಪುಸ್ತಿಕೆಯಲ್ಲಿ ಬಯಲಿಗೆಳೆದನು. ಸರಕಾರವು ನೇಮಿಸಿದ ರೆಮ್ರೆವ್ ಎಂಬ ಅಧಿಕಾರಿಯ 1904ರ ವಿಚಾರಣಾ ವರದಿಯು ಆ ಆಪಾದನೆಗಳನ್ನು ಬಹುಮಟ್ಟಿಗೆ ಸಮರ್ಥಿಸಿತು. ಎಲೆಯನ್ನು ಪರೀಕ್ಷಿಸುವ ಕಲೆಗೆ ಇಂತಹ ಒಂದು ಮುಖವೂ ಇತ್ತೆಂಬುದನ್ನು ಮರೆಯಲಾಗದು. ಸೇದುವವನು ತಪ್ಪು ತೀರ್ಪು ಕೊಟ್ಟರೆ ಒಂದು ಗಂಟೆಯ ಸಂತೋಷ ಕೆಟ್ಟೀತು. ಬೆಲೆಕಟ್ಟುವವನ ತೀರ್ಪಿನಿಂದ ಒಂದು ವರ್ಷದ ಅನ್ನ ಕೆಡುತ್ತಿತ್ತು.

ಸುಮಾತ್ರಾ ಎಲೆಗೆ ಪ್ರತಿಯಾಗಿ ಅಮೆರಿಕದವರು 1900ರಲ್ಲಿ ಕನೆಕ್ಟಿಕಟ್ಟಿನಲ್ಲಿ ಹೊಲದ ಮೇಲೆಲ್ಲ ತೆಳುಬಟ್ಟೆಯ ಚಪ್ಪರವನ್ನು ಹಾಕಿ, ಸುಮಾತ್ರಾ ಬೀಜವನ್ನು ಬಿತ್ತಿ ಬೆಳೆಯಿಸಿದರು. ನೆರಳಿನಲ್ಲಿ ಬೆಳೆದ ಎಲೆ ತೆಳ್ಳಗೆ, ತಿಳಿಬಣ್ಣಕ್ಕೆ ಬಂತು. ಈ ನೆರಳಿನ ಹೊಲಗಳಲ್ಲಿ 1944ರಲ್ಲಿಯೂ 1947ರಲ್ಲಿಯೂ ದಕ್ಷಿಣದ ಒಬ್ಬ ನೀಗ್ರೋ ವಿದ್ಯಾರ್ಥಿಯು ಬೇಸಗೆಯ ರಜೆಯಲ್ಲಿ ಕೂಲಿಮಾಡಿದನು. ಬಿಳಿಯರು ಕುಳಿತುಣ್ಣುವ ಕಡೆಯಲ್ಲಿಯೇ ತಾನೂ ಉಣ್ಣಬಹುದಾದ ಊರನ್ನು ಅವನು ಮೊದಲು ಕಂಡುದು ಅಲ್ಲಿ. ಆ ಬೆರಗನ್ನು ಮನೆಗೆ ಬರೆದ ಕಾಗದಗಳಲ್ಲಿ ತಿಳಿಸಿದ್ದಾನೆ. ಆತನೇ ಮಾರ್ಟಿನ್ ಲೂಥರ್ ಕಿಂಗ್.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ತಿಳಿಬಣ್ಣದ ಮೋಹವು ಎಷ್ಟು ಬೆಳೆಯಿತೆಂದರೆ, ಶಾಖದಿಂದ ಬೇಗನೆ ಒಣಗಿಸಿ ಹಸುರನ್ನೇ ಉಳಿಸಿಕೊಂಡ ‘ಕಾಂದೇಲಾ’ ಎಂಬ ಎಲೆಯ ಚುಟ್ಟಗಳು ಅಲ್ಲಿ ವಿಶೇಷವಾಗಿ ಮಾರಾಟವಾದವು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನೆಡಿಯು ಕ್ಯೂಬಾದ ಸರಕುಗಳನ್ನು ಬಹಿಷ್ಕರಿಸಿದನು. ಆಜ್ಞೆಗೆ ಸಹಿಮಾಡುವುದಕ್ಕೆ ಮೊದಲು ತನಗಾಗಿ ಕ್ಯೂಬಾದ ಚುಟ್ಟಗಳನ್ನು ಸಂಗ್ರಹಿಸಲು ಹೇಳಿದನೆಂದೂ, ಮರುದಿನ 1,200 ಕೈಗೆ ಬಂದಮೇಲೆಯೇ ಸಹಿಮಾಡಿದನೆಂದೂ ಆತನ ಕಾರ್ಯದರ್ಶಿ ಸಾಲಿಂಜರನು ಬರೆದಿದ್ದಾನೆ. ಕ್ಯೂಬಾದ ಬಾಗಿಲು ಮುಚ್ಚಿದ ಮೇಲೆ ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ನಿಕರಾಗುವಾ ದೇಶಗಳಲ್ಲಿ ಕಾರ್ಖಾನೆಗಳು ಬೆಳೆದವು. 1990ರ ದಶಕದಲ್ಲಿ ಚುಟ್ಟದ ವ್ಯಾಪಾರವು ಅಮೆರಿಕದಲ್ಲಿ ಹಠಾತ್ತಾಗಿ ಏರಿ, ಕಪ್ಪು ಹೊದಿಕೆಗೆ ಮತ್ತೆ ಮರ್ಯಾದೆ ಬಂದಿತು. ಹೀಗೆ ಒಂದು ಕಾಲಕ್ಕೆ ತಿಳಿಬಣ್ಣವೇ ನಾಗರಿಕತೆಯ ಗುರುತಾಗಿ, ಮತ್ತೊಂದು ಕಾಲಕ್ಕೆ ಕಪ್ಪೇ ರಸಿಕತೆಯ ಗುರುತಾಯಿತು. ಸುಂಕ, ಯುದ್ಧ, ರಾಜಕಾರಣಗಳು ಅಂಗಡಿಯಲ್ಲಿ ಏನನ್ನು ಇಟ್ಟವೋ ಅದನ್ನು ನಾಲಗೆಯು ಬಹುಮಟ್ಟಿಗೆ ಮೆಚ್ಚಿತು.

5

ಈಗ ಪರೀಕ್ಷೆಯ ಕ್ರಮವನ್ನು ನೋಡೋಣ. ಬಲ್ಲವರು ಚುಟ್ಟವನ್ನು ಹೊತ್ತಿಸುವುದಕ್ಕೆ ಬಹಳ ಮೊದಲೇ ಅರ್ಧ ತೀರ್ಪನ್ನು ಮುಗಿಸಿರುತ್ತಾರೆ. ನೂರಕ್ಕೆ 65ರಿಂದ 70ರಷ್ಟು ತೇವವಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದುದಾಗಿರಬೇಕು. ಒಣಗಿದ್ದರೆ ಬಿರುಕು ಬಿಡುವುದು, ಹೆಚ್ಚು ಒದ್ದೆಯಾಗಿದ್ದರೆ ಉರಿಯದು. ಮೊದಲು ಕಣ್ಣು: ಹೊದಿಕೆಯ ಮೇಲೆ ಎಣ್ಣೆಯ ಸಣ್ಣ ಹೊಳಪಿದೆಯೆ, ನರಗಳು ಅಡಗಿವೆಯೆ, ತಲೆಯ ಮುಚ್ಚಳವನ್ನು ಅಚ್ಚುಕಟ್ಟಾಗಿ ಅಂಟಿಸಿದೆಯೆ? ಕಪ್ಪು ಎಲೆಯ ಮೇಲೆ ಮರಳಿನಂತಹ ಸಣ್ಣ ಸಣ್ಣ ಉಬ್ಬುಗಳಿರುವುದು ದೋಷವಲ್ಲ. ದಪ್ಪ ಎಲೆಯ ಸ್ವಭಾವವದು. ಆಮೇಲೆ ಬೆರಳು: ಉದ್ದಕ್ಕೂ ಮೆಲ್ಲಗೆ ಒತ್ತಿದರೆ ಒಂದೇ ಹದದಲ್ಲಿ ಬಗ್ಗಬೇಕು. ಗಟ್ಟಿಯಾದ ಗಂಟಿದ್ದರೆ ಹೊಗೆ ಬಾರದು. ಮೆತ್ತನೆಯ ಹಳ್ಳವಿದ್ದರೆ ಅಲ್ಲಿ ಬೇಗ ಉರಿದು ಬಿಸಿಯಾಗುವುದು. ಆಮೇಲೆ ಮೂಗು: ಹೊತ್ತಿಸದ ಕಪ್ಪು ಎಲೆಯು ಮಳೆ ಬಿದ್ದ ಮಣ್ಣಿನಂತೆಯೋ ಕೊಟ್ಟಿಗೆಯಂತೆಯೋ ಕೋಕೋಪುಡಿಯಂತೆಯೋ ಕಂಪು ಬೀರುತ್ತದೆ. ಅಮೋನಿಯದ ಘಾಟಿದ್ದರೆ ಎಲೆ ಇನ್ನೂ ಮಾಗಿಲ್ಲವೆಂದೇ ಅರ್ಥ; ಬಣ್ಣ ಎಷ್ಟು ಕಪ್ಪಾಗಿದ್ದರೇನು?

ತಲೆಯನ್ನು ಕತ್ತರಿಸಿ, ಹೊತ್ತಿಸದೆಯೇ ಒಮ್ಮೆ ಎಳೆದು ನೋಡುತ್ತಾರೆ. ಗಾಳಿ ತೀರ ಸಲೀಸಾಗಿಯೂ ಬರಬಾರದು, ತೀರ ಬಿಗಿಯಾಗಿಯೂ ಇರಬಾರದು. ಹೊತ್ತಿಸುವಾಗ ಉರಿಯನ್ನು ತಾಗಿಸದೆ ತುದಿಯನ್ನು ಕಾಯಿಸುತ್ತ ತಿರುಗಿಸಬೇಕು. ಅನಂತರ ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ಅವಸರಪಟ್ಟರೆ ಬೆಂಕಿ ಹೆಚ್ಚಿ ಕಹಿಯಾಗುತ್ತದೆ. ಕಪ್ಪು ಎಲೆಯು ಸ್ವಭಾವತಃ ದಪ್ಪವಾಗಿ ನಿಧಾನವಾಗಿ ಉರಿಯತಕ್ಕದ್ದಾದ್ದರಿಂದ ಇದಕ್ಕೆ ತಾಳ್ಮೆ ಇನ್ನೂ ಹೆಚ್ಚು ಬೇಕು. ಹೊಗೆಯನ್ನು ಶ್ವಾಸಕೋಶಕ್ಕೆ ಒಯ್ಯದೆ ಬಾಯಲ್ಲಿಯೇ ನಿಲ್ಲಿಸಿ, ಸ್ವಲ್ಪವನ್ನು ಮೂಗಿನಿಂದ ಹೊರಬಿಡುತ್ತಾರೆ. ನಾಲಗೆಗೆ ತಿಳಿಯುವುದು ಸಿಹಿ, ಉಪ್ಪು, ಹುಳಿ, ಕಹಿ ಮೊದಲಾದ ಕೆಲವೇ ರಸಗಳು. ಕಾಫಿ, ಮೆಣಸು, ಚರ್ಮ, ಮಣ್ಣು ಎಂದೆಲ್ಲ ಹೇಳುವ ಸೂಕ್ಷ್ಮಗಳು ಮೂಗಿನವು.

ಚುಟ್ಟವನ್ನು ಮೂರು ಪಾಲಾಗಿ ವಿಭಾಗಿಸಿ ತೀರ್ಪು ಹೇಳುವುದು ರೂಢಿ. ಮೊದಲ ಪಾಲಿನಲ್ಲಿ ಹೊದಿಕೆಯ ಸಿಹಿ ಮುಂದಾಗಿರುತ್ತದೆ. ನಡುವಿನಲ್ಲಿ ಹೂರಣವು ಬೆರೆಯುತ್ತದೆ. ಕೊನೆಯಲ್ಲಿ ಜಿಡ್ಡೂ ನಿಕೋಟಿನೂ ಕೂಡಿಕೊಂಡು ಖಾರವೇರುತ್ತದೆ. ಸಾಧಾರಣವಾದ ಕಪ್ಪು ಚುಟ್ಟವು ಮೊದಲಿನ ಸಿಹಿಯನ್ನು ತೋರಿಸಿ ಆಮೇಲೆ ಮಾತು ಮುಗಿದವನಂತೆ ಸುಮ್ಮನಾಗುತ್ತದೆ. ಉತ್ತಮವಾದುದು ಪಾಲಿನಿಂದ ಪಾಲಿಗೆ ಬೇರೆಯಾಗುತ್ತ ಹೋಗುತ್ತದೆ. ಸಿಹಿಯು ಕಹಿಯಾಗದೆ ಗಾಢವಾಗುತ್ತದೆ.

ಬೂದಿಯನ್ನು ನೋಡಿ ನಿರ್ಣಯಿಸುವ ಪದ್ಧತಿಯೂ ಉಂಟು. ಕಾನನ್ ಡಾಯಲನು 1887ರಲ್ಲಿ ಪ್ರಕಟಿಸಿದ ಮೊದಲ ಷೆರ್ಲಾಕ್ ಹೋಮ್ಸ್ ಕಥೆಯಲ್ಲಿ ಆ ಪತ್ತೇದಾರನು ಕಪ್ಪಗೆ ಪದರಪದರವಾಗಿ ಬಿದ್ದಿದ್ದ ಬೂದಿಯಿಂದಲೇ ಅದು ತಿರುಚ್ಚಿನಾಪಳ್ಳಿಯ ಚುಟ್ಟವೆಂದು ಹೇಳಿಬಿಡುತ್ತಾನೆ. ಬ್ರಿಟಿಷರ ಕಾಲದಲ್ಲಿ ನಮ್ಮ ನೆರೆಯ ತಮಿಳುನಾಡಿನ ಆ ಕಪ್ಪು ಚುಟ್ಟವು ಲಂಡನ್ನಿನ ಓದುಗರಿಗೂ ಗುರುತಿರುವಷ್ಟು ಪ್ರಸಿದ್ಧವಾಗಿತ್ತು. ಆದರೆ ಬೆಳ್ಳಗಿನ ಬೂದಿಯೇ ಶ್ರೇಷ್ಠತೆಯ ಗುರುತೆಂಬುದು ಪೂರ್ತಿಯಾಗಿ ಸರಿಯಲ್ಲ. ಬೂದಿಯ ಬಿಳುಪಿಗೆ ಕಾರಣ ಮುಖ್ಯವಾಗಿ ಮಣ್ಣಿನಲ್ಲಿರುವ ಮೆಗ್ನೀಸಿಯಂ ಮೊದಲಾದ ಲವಣಗಳು. ಬೂದಿಯು ಗಟ್ಟಿಯಾಗಿ ನಿಂತರೆ ಎಲೆಗಳನ್ನು ಉದ್ದವಾಗಿ ಸರಿಯಾಗಿ ಜೋಡಿಸಿದ್ದಾರೆಂದು ಹೇಳಬಹುದು. ಬಣ್ಣದಿಂದ ಹೇಳುವುದು ಮಣ್ಣಿನ ಸಮಾಚಾರವನ್ನೇ ಹೊರತು ಕುಶಲತೆಯ ಸಮಾಚಾರವನ್ನಲ್ಲ.

1992ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸಿಗಾರ್ ಅಫಿಶಿಯೊನಾಡೊ’ ಪತ್ರಿಕೆಯು ಚುಟ್ಟಗಳಿಗೆ ನೂರರ ಮೇಲೆ ಅಂಕ ಕೊಡುವುದನ್ನು ರೂಢಿಗೆ ತಂದಿತು. ಅದರ ಪರೀಕ್ಷಕರ ಮುಂದೆ ಚುಟ್ಟವನ್ನಿಡುವಾಗ ಹೆಸರಿನ ಪಟ್ಟಿಯನ್ನು ಕಿತ್ತು, ಯಾವ ಕಾರ್ಖಾನೆಯದೆಂದು ತಿಳಿಯದಂತೆ ಮಾಡಿರುತ್ತಾರೆ. ಇದು ಒಳ್ಳೆಯ ನಿಯಮ. ಹೆಸರಿಗೂ ಬೆಲೆಗೂ ಮರುಳಾಗುವುದು ನಾಲಗೆಯ ಹಳೆಯ ದೌರ್ಬಲ್ಯ. ಆದರೆ ಬಣ್ಣವನ್ನು ಮುಚ್ಚಿಡುವಂತಿಲ್ಲ. ಕಣ್ಣು ಕಪ್ಪನ್ನು ಕಂಡೊಡನೆ ನಾಲಗೆಯು ಕಾಫಿಯನ್ನೂ ಖಾರವನ್ನೂ ನಿರೀಕ್ಷಿಸತೊಡಗುತ್ತದೆ.

6

ಎಲ್ಲ ಪರೀಕ್ಷೆಗಳಿಗೂ ಮೊದಲಿನ ಪರೀಕ್ಷೆ ನಡೆಯುವುದು ಸುರುಟುವವರ ಮಣೆಯ ಮುಂದೆ. ಅವರ ಬೆರಳು ತಪ್ಪೆಂದು ಹೇಳಿದ ಎಲೆ ಹೊದಿಕೆಯಾಗುವುದಿಲ್ಲ. ಈ ಕೆಲಸಗಾರರ ಇತಿಹಾಸದಲ್ಲಿ ಸಾಹಿತ್ಯಾಭಿಮಾನಿಗಳು ಮರೆಯಲಾಗದ ಒಂದು ಅಧ್ಯಾಯವಿದೆ. 1865ರ ಡಿಸೆಂಬರಿನಲ್ಲಿ ಹವಾನಾ ನಗರದ ‘ಎಲ್ ಫಿಗರೊ’ ಕಾರ್ಖಾನೆಯಲ್ಲಿ, ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬನು ಎತ್ತರದ ಪೀಠದಲ್ಲಿ ಕುಳಿತು ಗಟ್ಟಿಯಾಗಿ ಓದುವ ಪದ್ಧತಿ ಆರಂಭವಾಯಿತು. ಚುಟ್ಟ ಸುರುಟುವ ಕೆಲಸಗಾರನೂ ಕವಿಯೂ ಆಗಿದ್ದ ಸಾತುರ್ನಿನೊ ಮಾರ್ತಿನೆಸನು ಅದೇ ವರ್ಷ ಹೊರಡಿಸಿದ ‘ಲಾ ಅರೋರಾ’ ಎಂಬ ಪತ್ರಿಕೆಯು ಈ ಓದಿಗೆ ಬೆಂಬಲವಾಗಿ ನಿಂತಿತು. ಓದುವವನ ಸಂಬಳವನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೂಡಿಸಿ ಕೊಡುತ್ತಿದ್ದರು. ನಮ್ಮೂರ ಗುಡಿಯ ಜಗಲಿಯಲ್ಲಿ ಗಮಕಿಗಳು ಭಾರತವನ್ನು ಓದುವಾಗ ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾದಂತೆ, ಶಾಲೆಯ ಮುಖ ಕಾಣದ ಕೆಲಸಗಾರರು ಹ್ಯೂಗೊ, ಸೆರ್ವಾಂಟಿಸರನ್ನು ಬಲ್ಲವರಾದರು. ಕೇಳುವ ಕಿವಿಯು ಯೋಚಿಸುವ ಮನಸ್ಸಾಗುತ್ತದೆಂದು ಸರಕಾರಕ್ಕೆ ಭಯವಾಯಿತು. 1866ರಲ್ಲಿಯೇ ಸ್ಪೇನಿನ ಅಧಿಕಾರಿಯು ಈ ಓದನ್ನು ನಿಷೇಧಿಸಿದನು. ಪದ್ಧತಿಯು ಮತ್ತೆ ಚಿಗುರಿ, ವಲಸೆ ಹೋದವರೊಡನೆ ಫ್ಲಾರಿಡಾದ ಟಾಂಪಾ ನಗರಕ್ಕೂ ಹೋಯಿತು. ಅಲ್ಲಿ ಕಾರ್ಖಾನೆಯ ಒಡೆಯರು 1931ರಲ್ಲಿ ಓದುವವರ ಪೀಠಗಳನ್ನು ತೆಗೆಸಿಹಾಕಿದರು. ಅವರ ಸ್ಥಾನಕ್ಕೆ ರೇಡಿಯೋ ಬಂದಿತು. ಕ್ಯೂಬಾದಲ್ಲಿ ಪದ್ಧತಿಯು ಉಳಿದುಬಂದು, 2012ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿತವಾಯಿತು. 1935ರಲ್ಲಿ ಹುಟ್ಟಿದ ಪ್ರಖ್ಯಾತವಾದ ‘ಮಾಂಟೆಕ್ರಿಸ್ಟೊ’ ಚುಟ್ಟಕ್ಕೆ ಆ ಹೆಸರು ಬಂದುದು ಕೆಲಸಗಾರರು ಕೇಳಿ ಮೆಚ್ಚಿದ ಡ್ಯೂಮಾನ ಕಾದಂಬರಿಯಿಂದ.

ಬೆಳೆಗಾರರ ಕಥೆ ಇಷ್ಟು ಸುಖಕರವಲ್ಲ. 1717ರಲ್ಲಿ ಸ್ಪೇನಿನ ದೊರೆಯು ಕ್ಯೂಬಾದ ಹೊಗೆಸೊಪ್ಪೆಲ್ಲವನ್ನೂ ತನಗೇ ಮಾರಬೇಕೆಂದು ಕಟ್ಟುಮಾಡಿ ತಾನೇ ಬೆಲೆಯನ್ನು ಗೊತ್ತುಪಡಿಸಿದಾಗ ರೈತರು ದಂಗೆಯೆದ್ದರು. 1723ರ ಮೂರನೆಯ ದಂಗೆಯಲ್ಲಿ ಹಿಡಿದವರನ್ನು ಹವಾನಾದ ಹೊರವಲಯದಲ್ಲಿ ಗಲ್ಲಿಗೇರಿಸಲಾಯಿತು. 1817ರಲ್ಲಿ ಆ ಏಕಸ್ವಾಮ್ಯವು ರದ್ದಾದ ಮೇಲೆಯೇ ಹವಾನಾ ಚುಟ್ಟದ ಕೀರ್ತಿ ಲೋಕಕ್ಕೆ ಹರಡಿದುದು. ಇದನ್ನು ಓದುವಾಗ ಕನ್ನಡಿಗರಿಗೆ ನಿಪ್ಪಾಣಿಯ ನೆನಪು ಬಾರದಿರದು. ಅಲ್ಲಿ ಬೆಳೆಯುವುದು ಬೀಡಿಯ ಸೊಪ್ಪು, ಚುಟ್ಟದ್ದಲ್ಲ. ಆದರೆ ನ್ಯಾಯವಾದ ಬೆಲೆಯನ್ನು ಕೇಳಿ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ 1981ರ ಏಪ್ರಿಲ್ ತಿಂಗಳಲ್ಲಿ ಗುಂಡು ಹಾರಿ ಹಲವರು ಮಡಿದರು. ಎಲೆಯ ಗುಣವನ್ನೂ ಬೆಲೆಯನ್ನೂ ಬೆಳೆದವನಲ್ಲದ ಮತ್ತೊಬ್ಬನು ನಿರ್ಣಯಿಸುವ ಕಷ್ಟವು ದೆಲಿಯಲ್ಲಿ ಮಾತ್ರ ಇದ್ದುದಲ್ಲ.

7

ಇನ್ನು ಉಳಿದಿರುವುದು ಹಕೀಮನ ಮಾತು. ಅಮೆರಿಕದ ಸೇನಾನಿ ಗ್ರಾಂಟನು 1862ರಲ್ಲಿ ಡೊನೆಲ್ಸನ್ ಕೋಟೆಯನ್ನು ಗೆದ್ದಾಗ ಬಾಯಲ್ಲಿ ಚುಟ್ಟವಿದ್ದಿತೆಂದು ಪತ್ರಿಕೆಗಳಲ್ಲಿ ಬಂದುದೇ ತಡ, ಅಭಿಮಾನಿಗಳು ಸಾವಿರಾರು ಚುಟ್ಟಗಳನ್ನು ಅವನಿಗೆ ಕಳುಹಿಸಿದರು. ಗಂಟಲಿನ ಅರ್ಬುದರೋಗದಿಂದ ನರಳುತ್ತ, ಸಂಸಾರಕ್ಕೆ ಹಣವಾಗಲೆಂದು ತನ್ನ ನೆನಪುಗಳನ್ನು ಬರೆದು ಮುಗಿಸಿ, ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ಅವನು ತೀರಿಕೊಂಡನು. ಮನಶ್ಶಾಸ್ತ್ರಜ್ಞ ಫ್ರಾಯ್ಡನಿಗೆ 1923ರಲ್ಲಿ ಬಾಯಿಯ ಅರ್ಬುದವು ಕಂಡಿತು; ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದರೂ ಅವನು ಚುಟ್ಟವನ್ನು ಬಿಡಲಾರದೆ 1939ರಲ್ಲಿ ಮಡಿದನು. ಹೊಗೆಯನ್ನು ಒಳಗೆಳೆಯದಿದ್ದರೆ ಬಾಧೆಯಿಲ್ಲವೆಂಬ ನಂಬಿಕೆಯು ತಪ್ಪು. ಚುಟ್ಟದ ಹೊಗೆ ಕ್ಷಾರಗುಣವುಳ್ಳದ್ದಾದುದರಿಂದ ನಿಕೋಟಿನು ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಅರ್ಬುದಕ್ಕೆ ಅದು ಕಾರಣವಾಗುತ್ತದೆ. ಎಲೆಯು ಎಷ್ಟು ಮಾಗಿದ್ದರೂ, ಕೈ ಎಷ್ಟು ಕುಶಲವಾಗಿದ್ದರೂ, ಈ ಸಂಗತಿಯಲ್ಲಿ ವ್ಯತ್ಯಾಸವಿಲ್ಲ. ಸೇದದೆಯೇ ಬಾಧೆಪಡುವವರೂ ಉಂಟು: ಇಬ್ಬನಿಯಿಂದ ಒದ್ದೆಯಾದ ಹಸಿ ಎಲೆಯನ್ನು ಕೀಳುವ ಆಳಿಗೆ ಚರ್ಮದ ಮೂಲಕವೇ ನಿಕೋಟಿನು ಸೇರಿ ತಲೆ ತಿರುಗಿ ವಾಂತಿಯಾಗುತ್ತದೆ.

ಆದುದರಿಂದ ಕಪ್ಪು ಹೊದಿಕೆಯ ಚುಟ್ಟಕ್ಕೆ ತೀರ್ಪು ಹೇಳಬೇಕಾದವನು ಹಲವರ ಸಾಕ್ಷ್ಯವನ್ನು ಕೇಳಬೇಕಾಗುತ್ತದೆ. ನಾಲಗೆ ಹೇಳುವುದು ಕೊನೆಯ ಸಾಕ್ಷ್ಯ. ಅದೂ ಕಣ್ಣಿನ ಮಾತಿಗೆ ಸುಲಭವಾಗಿ ಮರುಳಾಗತಕ್ಕದ್ದು. ಅದಕ್ಕೆ ಮೊದಲು ರಾಶಿಯ ಬಿಸಿಯನ್ನು ಕಾದವನಿದ್ದಾನೆ, ಎಲೆಯನ್ನು ಹರಡಿ ಸುತ್ತಿದವಳಿದ್ದಾಳೆ, ಬೆಲೆಗಾಗಿ ಹೊಡೆದಾಡಿದ ಬೆಳೆಗಾರನಿದ್ದಾನೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯನಿದ್ದಾನೆ. ‘ಮಾಗಿದ’ ಎಂಬ ಹೆಸರನ್ನು ಆ ಎಲೆಯು ಸಂಪಾದಿಸಿಕೊಂಡುದು ಇವರೆಲ್ಲರ ಕೈಯಿಂದ. ಅದನ್ನು ಬರಿಯ ಬಣ್ಣವೆಂದು ಓದಿದವನು ಆ ಹೆಸರನ್ನೇ ಓದಿದಂತಾಗಲಿಲ್ಲ.

ವಿಜಾಪುರದ ಸೊಪ್ಪನ್ನು ಮುಂದಿಟ್ಟುಕೊಂಡು ಅಕ್ಬರನು ನಡೆದುಕೊಂಡ ರೀತಿಯನ್ನು ಇಲ್ಲಿ ಮತ್ತೆ ನೆನೆಯಬಹುದು. ಹೊಸದೆಂದು ಅವನು ಹೆದರಲಿಲ್ಲ. ಎರಡು ಮೂರು ಸಲ ಎಳೆದು ನೋಡಿದನು. ತಂದವನ ವಾದವನ್ನೂ ತಡೆದವನ ವಾದವನ್ನೂ ಕೇಳಿದನು. ಅಸದ್ ಬೇಗನ ಬುದ್ಧಿಯನ್ನು ಹೊಗಳಿ, ಕೊಳವೆಯನ್ನು ಕೆಳಗಿಟ್ಟನು.